ಸೌಟು ಯಾರ ಕೈಯಲ್ಲಿ?

(ಒಬ್ಬರು ಹೊನ್ನಾಳಿಯಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಮೇಷ್ಟ್ರು. ಮೂಲ ಜಗಳೂರು ಕಡೆಯ ಕುರಿಗಾರರ ಮನೆತನ, ಕ್ರೈಸ್ತರಲ್ಲ. ಇನ್ನೊಬ್ಬರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುವ ಸಣ್ಣ ಸಭೆಗಳನ್ನು ನೋಡಿಕೊಳ್ಳುವ ಸಭಾಪಾಲಕರು. ಊರವರು ಕರೆಯುವುದು ಅಯ್ಯನವರೆಂದು.)

ಮೇಷ್ಟ್ರು: ನೇರವಾಗಿ ಕೇಳ್ತೀನಿ ಅಯ್ಯನವರೇ, ಬೇಜಾರು ಮಾಡ್ಕೋಬ್ಯಾಡ್ರಿ. ನಿಮ್ಮಲ್ಲಿ ಸಭಾಪಾಲಕರನ್ನ ಕುರುಬ ಅಂತೀರಿ, ಜನರನ್ನ ಮಂದೆ ಅಂತೀರಿ. ನಾನು ಹಟ್ಟಿಯಲ್ಲೇ ಹುಟ್ಟಿದವನು. ಕುರುಬ ಕುರೀನ ಜೀವಕ್ಕಿಂತ ಹೆಚ್ಚಾಗಿ ಕಾಯ್ತಾನೆ, ಸುಳ್ಳಲ್ಲ. ಆದ್ರೆ ಉಣ್ಣೆ ಕತ್ತರಿಸ್ಕೊಳ್ಳೋನೂ ಅವನೇ, ಕೊನೆಗೆ ಸಂತೆಗೆ ಹೊಡ್ಕೊಂಡು ಹೋಗೋನೂ ಅವನೇ. ಇದ್ರಾಗೆ ನಿಸ್ವಾರ್ಥ ಎಲ್ಲಿಂದ ಬಂತು?

ಅಯ್ಯನವರು: ಈ ತಕರಾರನ್ನ ನಿಮಗಿಂತ ಮುಂಚೆ ಪ್ರವಾದಿ ಯೆಹೆಜ್ಕೇಲ ಎತ್ತಿದಾನೆ. ಅವನ ಗ್ರಂಥದ 34ನೇ ಅಧ್ಯಾಯ ಶುರುವಾಗೋದೇ ಕುರುಬರಿಗೆ ಬೈಗುಳದಿಂದ. ಮಂದೆ ಮೇಯಿಸೋದು ಬಿಟ್ಟು ತಾವೇ ಮೇಯ್ತಾ ಕೂತಿದಾರೆ, ಗಾಯ ಆದದ್ದಕ್ಕೆ ಪಟ್ಟಿ ಕಟ್ಟೋರಿಲ್ಲ, ದಾರಿ ತಪ್ಪಿದ್ದನ್ನ ಹುಡುಕೋರಿಲ್ಲ ಅನ್ನೋದು ಅವನ ದೂರು. ಕಾಲೇಜಲ್ಲಿ ನಮಗೆ ದೇವಶಾಸ್ತ್ರ ಕಲಿಸುವಾಗ ಈ ಅಧ್ಯಾಯ ಓದಿಸ್ತಾರೆ. ಓದಿದ ಮೇಲೆ ದೀಕ್ಷೆ ಬೇಡ ಅಂತ ಎದ್ದು ಹೋದವರನ್ನ ಮಾತ್ರ ನಾನು ನೋಡಿಲ್ಲ.

ಮೇಷ್ಟ್ರು: ಯೇಸುಸ್ವಾಮಿ ಕೂಲಿಯಾಳಿನ ಕುರುಬನ್ನ ಹೀಗಳೀತಾರಲ್ಲ, ತೋಳ ಬಂದ್ರೆ ಓಡಿ ಹೋಗ್ತಾನೆ ಅಂತ. ನಮ್ಮ ಕಡೆ ಉಲ್ಟಾ ನೋಡ್ರಿ. ರಾತ್ರಿ ಹೊಲದಾಗೆ ಮಂದೆ ತರುಬಿ ಕಂಬಳಿ ಹೊದ್ದು ಮಲಗೋನು ಸಂಬಳದ ಹುಡುಗ. ಧಣಿ ಮನೆಯಾಗೆ ಮಲಗಿರ್ತಾನೆ.

ಅಯ್ಯನವರು: ನಾನೂ ಸಂಬಳದ ಹುಡುಗನೇ ಅಲ್ವಾ! ತಿಂಗಳಿಗೆ ಇಷ್ಟು ಅಂತ ಬರುತ್ತೆ, ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತೆ. ಹಾಗಾಗಿ ನಿಸ್ವಾರ್ಥ ಅನ್ನೋ ಪದವನ್ನ ನನ್ನ ತಲೆ ಮೇಲೆ ಕಿರೀಟದ ಹಾಗೆ ಇಡ್ಬೇಡಿ. ಮಂದೆ ಹತ್ರ ಮಲಗ್ತೀನೋ ಇಲ್ವೋ, ಅಷ್ಟು ನೋಡಿ ಸಾಕು.

ಮೇಷ್ಟ್ರು: ಮಲಗೋದು ಎಲ್ಲಿ ಅನ್ನೋದೇ ಕಷ್ಟ ನಿಮಗೆ. ನ್ಯಾಮತಿಯಿಂದ ಜಗಳೂರಿಗೆ ನೂರು ಕಿಲೋಮೀಟರಿನ ಮೇಲೆ.

ಅಯ್ಯನವರು: ದೂರಕ್ಕಿಂತ ನೆಲದ ವ್ಯತ್ಯಾಸ ದೊಡ್ಡದು. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ. ಧಾರಣೆ ಏರಿದ ವರ್ಷ ಸಭೆಯ ಕಾಣಿಕೆ ಪೆಟ್ಟಿಗೆಗೂ ಗೊತ್ತಾಗುತ್ತೆ. ಜಗಳೂರಲ್ಲಿ ಮಳೆ ಕೈಕೊಟ್ರೆ ಅರ್ಧ ಸಭೆ ಗುಳೆ ಹೋಗಿರುತ್ತೆ, ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ. ಇಡೀ ದಾವಣಗೆರೆ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಹಾಗಾಗಿ ಇಲ್ಲಿ ಸಭಾಪಾಲಕ ಅಂದ್ರೆ ಪೀಠದ ಮೇಲೆ ಕೂರೋ ದೊಡ್ಡ ಮನುಷ್ಯ ಅಲ್ಲ. ವಾರದಲ್ಲಿ ಒಂದು ದಿನ ಪ್ರಸಂಗ ಮಾಡ್ತಾನೆ. ಉಳಿದ ದಿನ ನಾಡಕಚೇರಿಯಲ್ಲಿ ಯಾರದೋ ವಿಧವಾ ವೇತನದ ಅರ್ಜಿ ಹಿಡ್ಕೊಂಡು ನಿಂತಿರ್ತಾನೆ, ಇಲ್ಲ ದಾವಣಗೆರೆಯ ಆಸ್ಪತ್ರೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಇರ್ತಾನೆ.

ಮೇಷ್ಟ್ರು: ಆ ಅರ್ಜಿಗಳೆಲ್ಲಾ ನಿಮ್ಮ ಸಭೆಯವರವಾ?

ಅಯ್ಯನವರು: ಸಾಲಿನಲ್ಲಿ ನಿಂತಾಗ ಹಿಂದಿನವರು ಮುಂದಿನವರು ತಮ್ಮದೂ ಬರ್ಕೊಡಿ ಅಂತಾರೆ. ಬರೀತೀನಿ. ಜಾತಿ ಕಾಲಂ ತುಂಬುವಾಗಷ್ಟೇ ಅವರು ಯಾರು ಅಂತ ಗೊತ್ತಾಗೋದು.

ಮೇಷ್ಟ್ರು: ಈಗ ನನ್ನ ನಿಜವಾದ ಪ್ರಶ್ನೆ. ಕೊಡೋದು ಮತಕ್ಕೆ ಸೇರಿಸ್ಕೊಳ್ಳೋಕೆ ಅಂತ ನಮ್ಮ ಜನ ಅನ್ನೋದು ನಿಮಗೂ ಕೇಳಿರುತ್ತೆ. ಮತಾಂತರದ ಕಾನೂನು 2022ರಲ್ಲಿ ಬಂತು, ರದ್ದು ಮಾಡೋದಾಗಿ ಮರುವರ್ಷ ಬಂದ ಸರ್ಕಾರ ಹೇಳಿತು. ರಾಜಕೀಯ ಬದಿಗಿರಲಿ. ಅನುಮಾನ ಹುಟ್ಟೋಕೆ ಕಾರಣ ಇಲ್ವೇ ಇಲ್ಲ ಅಂತೀರಾ?

ಅಯ್ಯನವರು: ಅನ್ನಲ್ಲ. ಧಾತು ಈಶ್ವರದ ಬರ ತಗೊಳ್ಳಿ.

ಮೇಷ್ಟ್ರು: ನಮ್ಮಜ್ಜಿ ಹೇಳೋಳು. ಅವಳೂ ಕಂಡವಳಲ್ಲ, ಅವಳಜ್ಜಿ ಹೇಳಿದ್ದು. ಕಳ್ಳಿಗೆಡ್ಡೆ ಬೇಯಿಸಿ ತಿಂದ್ರಂತೆ.

ಅಯ್ಯನವರು: 1876ರಿಂದ 78. ಮೈಸೂರು ಸೀಮೆಯ ಜನಸಂಖ್ಯೆ 1871ರಲ್ಲಿ 50 ಲಕ್ಷ ಚಿಲ್ಲರೆ ಇದ್ದದ್ದು 1881ರ ಹೊತ್ತಿಗೆ 42 ಲಕ್ಷದ ಹತ್ತಿರಕ್ಕೆ ಇಳೀತು. ಚಿತ್ರದುರ್ಗದ ಸೀಮೆಗೆ, ಅಂದ್ರೆ ನಿಮ್ಮ ಜಗಳೂರಿಗೂ ಬಿದ್ದ ಏಟು ಸಣ್ಣದಲ್ಲ. ದಾರಿ ಬದಿಯಲ್ಲಿ ಅಪ್ಪ ಅಮ್ಮ ಸತ್ತು ಉಳಿದ ಮಕ್ಕಳನ್ನ ಮಿಷನ್‌ಗಳು ಎತ್ಕೊಂಡು ಹೋದ್ವು. ವೆಸ್ಲಿಯನ್ ಮಿಷನ್ನಿನವರು ಗಂಡು ಮಕ್ಕಳಿಗೆ ತುಮಕೂರಲ್ಲಿ, ಹೆಣ್ಣು ಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆದ್ರು. ಫ್ರೆಂಚ್ ಕಥೋಲಿಕ ಪಾದ್ರಿಗಳು ಅಂಥಾ ಮಕ್ಕಳನ್ನ ಸಾಕಿ, ಬೆಳೆದ ಮೇಲೆ ಜಮೀನು ಕೊಟ್ಟು ಒಕ್ಕಲು ಮಾಡಿಸಿದ್ರು. ಬೆಂಗಳೂರಿನ ಹೊರವಲಯದ ಸಿಲುವೆಪುರ ಹಾಗೆ ಆದ ಊರು. ಆ ಮಕ್ಕಳು ಸ್ನಾನದೀಕ್ಷೆ ಪಡೆದ್ರು. ಕೇಳಿ ಪಡೆದ್ರಾ? ಐದಾರು ವರ್ಷದ ಮಗು ಏನು ಕೇಳುತ್ತೆ? ಗಂಜಿ ಕೇಳುತ್ತೆ.

ಮೇಷ್ಟ್ರು: ಅಂದ್ರೆ ನನ್ನ ಮಾತು ಒಪ್ಕೊಂಡ್ರಿ.

ಅಯ್ಯನವರು: ಅರ್ಧ. ಆ ಪಾದ್ರಿ ಮನಸ್ಸಲ್ಲಿ ಎರಡೂ ಇತ್ತು, ಮಗು ಬದುಕಲಿ ಅನ್ನೋದು, ಸಭೆ ಬೆಳೀಲಿ ಅನ್ನೋದು. ಎರಡನ್ನ ಬಿಡಿಸೋಕೆ ಅವನಿಗೇ ಆಗ್ತಿರಲಿಲ್ಲ. ಆದ್ರೆ ಆ ಮಗುವನ್ನ ಎತ್ಕೊಳ್ಳೋಕೆ ಸಾಲಾಗಿ ನಿಂತವರು ಇನ್ಯಾರಿದ್ರು ಅಂತಾನೂ ಕೇಳ್ಬೇಕಲ್ಲ? ಸರ್ಕಾರದ ಗಂಜಿ ಕೇಂದ್ರಗಳು ತುಂಬಿ ತುಳುಕ್ತಿದ್ವು. ಇತಿಹಾಸಕ್ಕೆ ಶುದ್ಧ ಕೈ ಬೇಕು ಅಂತ ಹಟ ಹಿಡಿದ್ರೆ ಮಕ್ಕಳು ರಸ್ತೆಯಲ್ಲೇ ಉಳೀತಿದ್ವು. ಈ ಕಾಲದವನಾಗಿ ನನಗೆ ಆ ನೆಪ ಇಲ್ಲ, ಅದು ಬೇರೆ ಮಾತು. ಈಗ ನಾನು ಒಂದು ಕೈಯಲ್ಲಿ ಅಕ್ಕಿ ಚೀಲ, ಇನ್ನೊಂದು ಕೈಯಲ್ಲಿ ಕರಪತ್ರ ಹಿಡ್ಕೊಂಡು ಹೋದ್ರೆ ಎರಡರ ಬೆಲೆಯನ್ನೂ ನಾನೇ ಕಳ್ದ ಹಾಗೆ.

ಮೇಷ್ಟ್ರು: ಹಂಗೆ ಲೆಕ್ಕ ಇಡದೇ ಕೊಟ್ಟವರು ಇದಾರಾ ನಿಮ್ಮಲ್ಲಿ?

ಅಯ್ಯನವರು: ಒಬ್ಬ ವಿಚಿತ್ರ ಮನುಷ್ಯನ್ನ ಹೇಳ್ತೀನಿ. ಅಬ್ಬೆ ದ್ಯುಬುವಾ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ. ಕಾವಿ ಉಟ್ಟು, ಸಸ್ಯಾಹಾರ ಉಂಡು ಓಡಾಡ್ತಿದ್ರು. ಹಾಸನ ಸೀಮೆಯ ಜನ ದೊಡ್ಡ ಸ್ವಾಮಿಯವರು ಅಂತಿದ್ರು. ಸಿಡುಬಿಗೆ ಜೆನ್ನರ್‌ನ ಲಸಿಕೆ ಆಗ ಬಿಸಿಬಿಸಿ ಸುದ್ದಿ, ಜನಕ್ಕೆ ಭಯ. 1803-04ರಲ್ಲಿ ಇವರ ಓಡಾಟದಿಂದ ಲಸಿಕೆ ಹಾಕಿಸ್ಕೊಂಡವರ ಲೆಕ್ಕ 25,432. ಅದೇ ಮನುಷ್ಯ 1823ರಲ್ಲಿ ಊರಿಗೆ ವಾಪಸ್ ಹೋಗಿ, ಈ ದೇಶದಲ್ಲಿ ಮತಾಂತರದ ಕೆಲಸ ಕೈಗೂಡೋ ಮಾತಲ್ಲ ಅಂತ ಪುಸ್ತಕವನ್ನೇ ಹೊರತಂದ್ರು. ಹೋದ ಕೆಲಸ ಆಗಲಿಲ್ಲ. ಲಸಿಕೆ ಮಾತ್ರ ಮೈಗೆ ಹತ್ತಿತು.

ಮೇಷ್ಟ್ರು: ಅದೇ ದ್ಯುಬುವಾ ತಾನೇ ನಮ್ಮ ಆಚಾರ ವಿಚಾರದ ಮೇಲೆ ಬರೆದ ಹಸ್ತಪ್ರತೀನ ಈಸ್ಟ್ ಇಂಡಿಯಾ ಕಂಪನಿಗೆ 2,000 ಪಗೋಡಕ್ಕೆ ಮಾರಿದ್ದು? ಅದ್ರಲ್ಲಿ ಬಹುಪಾಲು ಹಿಂದಿನ ಇನ್ನೊಬ್ಬ ಪಾದ್ರಿ ಬರೆದಿಟ್ಟದ್ದು ಅಂತ ಈಚೆಗೆ ವಿದ್ವಾಂಸರು ತೋರಿಸಿದಾರೆ.

ಅಯ್ಯನವರು: ಹೌದು. ಸಂತರ ಪಟ್ಟಿಗೆ ಸೇರಿಸಿ ಅಂತ ನಾನೆಲ್ಲಿ ಅಂದೆ? ಲಸಿಕೆ ಹಾಕಿಸ್ಕೊಂಡ ಕೈಗಳಿಗೆ ಪಗೋಡದ ಲೆಕ್ಕ ಬೇಕಾಗಿರಲಿಲ್ಲ. ಇನ್ನೂ ಹತ್ತಿರದ್ದು ಬೇಕಾದ್ರೆ ಮಂಗಳೂರಿನ ಕಂಕನಾಡಿ. ಚನ್ನಗಿರಿ, ನ್ಯಾಮತಿಯಿಂದ ಇವತ್ತಿಗೂ ದೊಡ್ಡ ಕಾಯಿಲೆ ಅಂದ್ರೆ ಮಣಿಪಾಲಕ್ಕೋ ಮಂಗಳೂರಿಗೋ ರಾತ್ರಿ ಬಸ್ಸು ಹತ್ತೋರಿದಾರಲ್ಲ. ಫಾದರ್ ಮುಲ್ಲರ್ ಆಸ್ಪತ್ರೆ ಅನ್ನೋ ಬೋರ್ಡು ನೋಡಿರ್ತೀರಿ, ಆ ಹೆಸರಿನ ಮನುಷ್ಯನ್ನ ಯೋಚಿಸಿರಲ್ಲ.

ಮೇಷ್ಟ್ರು: ಡಾಕ್ಟರು ಅನ್ಕೊಂಡಿದ್ದೆ.

ಅಯ್ಯನವರು: ಪಾಠ ಹೇಳೋಕೆ ಬಂದವರು. ಆಗಸ್ಟಸ್ ಮುಲ್ಲರ್, ಜರ್ಮನಿಯವರು. ಜೆಸುಯಿಟರ ತಂಡದ ಜೊತೆ 1878ರ ಡಿಸೆಂಬರ್ 31ಕ್ಕೆ ಮಂಗಳೂರಿಗೆ ಬಂದ್ರು. 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡೋಕೆ ಶುರು ಮಾಡಿದ್ರು. ಆ ಔಷಧಿ ಕೆಲಸ ಮಾಡುತ್ತಾ ಇಲ್ವಾ ಅನ್ನೋ ಜಗಳ ಬೇರೆ, ಅದಕ್ಕೆ ನನ್ನನ್ನ ಎಳೀಬೇಡಿ. ಔಷಧಿಯನ್ನ ಅಂಚೆ ಮೂಲಕ ದೇಶದ ತುಂಬಾ ಮಾರಿ, ಬಂದ ದುಡ್ಡನ್ನ ಬಡವರ ಹಾಸಿಗೆಗೆ ಹಾಕಿದ್ರು. ನನಗೆ ಹಿಡಿಸೋದು 1890ರ ಕೆಲಸ. ಆ ವರ್ಷ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದ್ರು. ಯೋಚನೆ ಮಾಡಿ ಮೇಷ್ಟ್ರೇ, ಕುಷ್ಠಕ್ಕೆ ನಿಜವಾದ ಔಷಧಿ ಬಂದದ್ದು 1940ರ ದಶಕದಲ್ಲಿ. ಅಂದ್ರೆ ಗುಣ ಮಾಡ್ತೀನಿ ಅನ್ನೋ ಆಸೆ ಇಟ್ಕೊಂಡು ಆ ಬಾಗಿಲು ತೆರೆಯೋ ಹಾಗೇ ಇರಲಿಲ್ಲ. ಗಾಯ ತೊಳೆಯೋದು, ಬಟ್ಟೆ ಸುತ್ತೋದು, ಊಟ ಕೊಡೋದು, ಸತ್ತಾಗ ಹೂಳೋದು. ವರದಿ ಬರೆದ್ರೆ ಸಾಧನೆ ಅನ್ನೋ ಕಾಲಂ ಖಾಲಿ.

ಮೇಷ್ಟ್ರು: ಈಗಿನವರು ಕೇಳ್ಕೊಳ್ಳಬೇಕಾದ್ದು. ಲಾಕ್‌ಡೌನಿನಲ್ಲಿ ನೋಡಿದ್ವಲ್ಲ, ಐದು ಕೇಜಿ ಅಕ್ಕಿ, ಒಂದು ಕೇಜಿ ಬೇಳೆ, ಅದನ್ನ ಹಿಡಿಯೋಕೆ ಆರು ಕೈ, ಕ್ಯಾಮೆರಾ ಕಡೆ ಆರು ಮುಖ. ಇಸ್ಕೊಳ್ಳೋ ಮುದುಕಿ ಮಾತ್ರ ನೆಲ ನೋಡ್ತಿರ್ತಾಳೆ. ಎಲ್ಲಾ ಧರ್ಮದವರೂ ಮಾಡಿದ್ರು, ನಿಮ್ಮವರೂ.

ಅಯ್ಯನವರು: ನಮ್ಮವರಿಗೆ ಒಂದು ನೆಪ ಇದೆ, ದುಡ್ಡು ಕೊಟ್ಟ ಸಂಸ್ಥೆ ಫೋಟೋ ಕೇಳುತ್ತೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂದವನ ಶಿಷ್ಯರು ನಾವು. ಎಡಗೈಯಲ್ಲಿ ಮೊಬೈಲು.

ಮೇಷ್ಟ್ರು: (ನಗುತ್ತಾ) ಇದನ್ನ ಭಾನುವಾರ ಹೇಳ್ರಿ.

ಅಯ್ಯನವರು: ಹೇಳೋಕೆ ಧೈರ್ಯ ಬೇಕು. ಕಾಣಿಕೆ ಬಗ್ಗೆ ಪ್ರಸಂಗ ಅಂದ್ರೆ ನಾವೆಲ್ಲಾ ತೆಗೆಯೋದು ಬಡ ವಿಧವೆಯ ಕಥೆ. ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದಳು, ಇದ್ದದ್ದೆಲ್ಲಾ ಹಾಕಿದಳು, ನೀವೂ ಹಾಗೆ ಕೊಡಿ ಅಂತ. ಮಾರ್ಕನ ಸುವಾರ್ತೆಯಲ್ಲಿ ಆ ಕಥೆಗೆ ಮೂರ್ನಾಲ್ಕು ಸಾಲು ಹಿಂದಕ್ಕೆ ಹೋಗಿ ನೋಡಿ. ಉದ್ದ ನಿಲುವಂಗಿ ತೊಟ್ಟು, ಮುಂದಿನ ಪೀಠದಲ್ಲಿ ಕೂತು, ವಿಧವೆಯರ ಮನೆ ನುಂಗೋ ಶಾಸ್ತ್ರಿಗಳನ್ನ ಯೇಸು ತರಾಟೆಗೆ ತಗೊಳ್ತಾರೆ. ಅದರ ಬೆನ್ನಿಗೇ ಈ ಹೆಂಗಸು ಬರ್ತಾಳೆ. ಕಥೆ ಮುಗೀತಿದ್ದ ಹಾಗೆ, ಈ ದೇವಾಲಯ ಕಲ್ಲಿನ ಮೇಲೆ ಕಲ್ಲು ನಿಲ್ಲದ ಹಾಗೆ ಬೀಳುತ್ತೆ ಅಂತಾರೆ. ಅವಳ ಮನಸ್ಸು ದೊಡ್ಡದು, ಸರಿ. ಆದ್ರೆ ಅವಳ ಕೊನೇ ಕಾಸು ಇಸ್ಕೊಂಡ ಪೆಟ್ಟಿಗೆಗೆ ಅದು ಹೊಗಳಿಕೆಯಾ? ನನಗೆ ಹಾಗೆ ಓದೋಕೆ ಬರಲ್ಲ.

ಮೇಷ್ಟ್ರು: ಅಂದ್ರೆ ನಿಮ್ಮ ಪ್ರಕಾರ ಗುರು ಆದವನ ಔದಾರ್ಯ ಕೊಡೋದ್ರಲ್ಲಿ ಅಲ್ಲ, ತಗೊಳ್ಳದೇ ಇರೋದ್ರಲ್ಲಿ?

ಅಯ್ಯನವರು: ಬಹುಪಾಲು. ಜಗಳೂರು ಕಡೆ ಸುಗ್ಗಿ ಹಬ್ಬಕ್ಕೆ ಜನ ಬೆಳೆದದ್ದನ್ನ ತರ್ತಾರೆ. ಮೆಕ್ಕೆಜೋಳ, ಈರುಳ್ಳಿ, ಕೋಳಿ, ಒಂದು ಕುಂಬಳಕಾಯಿ. ಆರಾಧನೆ ಆದ ಮೇಲೆ ಹರಾಜು. ಕೂಲಿ ಮಾಡೋ ಅಜ್ಜಿ ತಂದ ಕುಂಬಳಕಾಯಿ ಯಾರೋ ಕೂಗಿ ಕೂಗಿ ಐನೂರಕ್ಕೆ ಏರಿಸಿ, ದುಡ್ಡು ಸಭೆಗೆ ಕಟ್ಟಿ, ಕಾಯನ್ನ ಅವಳ ಚೀಲಕ್ಕೇ ಹಾಕಿ ಹೋಗಿರ್ತಾರೆ. ಹೀಗೆ ಮಾಡಿ ಅಂತ ಯಾವ ಪ್ರಸಂಗದಲ್ಲೂ ಹೇಳಿಲ್ಲ. ಪಾಲಕನ ಕೆಲಸ ಅಲ್ಲಿ ಸುಮ್ಮನೆ ಪಕ್ಕಕ್ಕೆ ನಿಲ್ಲೋದು.

ಮೇಷ್ಟ್ರು: ಪಕ್ಕಕ್ಕೆ ನಿಲ್ಲೋದು ಅಂದ್ರಲ್ಲ, ಈಗ ನಾನೊಂದು ಹೇಳ್ತೀನಿ, ಕೇಳ್ರಿ. ನಿಮ್ಮವರ ಬಗ್ಗೆಯೇ. ಉತ್ತಂಗಿ ಚನ್ನಪ್ಪ.

ಅಯ್ಯನವರು: ಆಹಾ.

ಮೇಷ್ಟ್ರು: ನನ್ನ ಸರ್ವೀಸಿನುದ್ದಕ್ಕೂ ಸರ್ವಜ್ಞನ ಪಾಠ ಮಾಡಿದೀನಿ. ನಮ್ಮ ಹೊನ್ನಾಳಿ ಗಡಿ ದಾಟಿದ್ರೆ ಹಿರೇಕೆರೂರು ಸೀಮೆ, ಮಾಸೂರು, ಅಬಲೂರು, ಸರ್ವಜ್ಞನ ನೆಲ. ಆತನ ತ್ರಿಪದಿ ಜನರ ಬಾಯಲ್ಲಿ, ಹರಿದ ಓಲೆಗರಿಯಲ್ಲಿ ಚೆಲ್ಲಾಪಿಲ್ಲಿ ಆಗಿದ್ವು. ಊರೂರು ಅಲೆದು ಕೂಡಿಸಿ, ಪಾಠಾಂತರ ನೋಡಿ, 1924ರಲ್ಲಿ ಅಚ್ಚು ಹಾಕಿಸಿದವರು ಯಾರು? ಮಠದವರಲ್ಲ, ವಿಶ್ವವಿದ್ಯಾಲಯದವರಲ್ಲ. ಬಾಸೆಲ್ ಮಿಷನ್ನಿನ ಸಭಾಪಾಲಕರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಮಂಗಳೂರಲ್ಲಿ ದೇವಶಾಸ್ತ್ರ ಓದಿದವರು. ಕೊನೆಗಾಲ ಹೂವಿನಹಡಗಲಿಯಲ್ಲಿ, ಜಗಳೂರಿನಿಂದ ಹರಪನಹಳ್ಳಿ ದಾಟಿದ್ರೆ ಆಯ್ತು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನ ಅಧ್ಯಕ್ಷರನ್ನಾಗಿ ಕರೆದ್ರು. ನನ್ನ ತಲೆ ತಿನ್ನೋ ಪ್ರಶ್ನೆ ಏನಂದ್ರೆ, ಇದರಿಂದ ಅವರ ಸಭೆಗೆ ಏನು ಲಾಭ? ಸರ್ವಜ್ಞ ಶಿವನ ಕಡೆಯವನು. ಗುರು, ಜಂಗಮ, ಪೂಜಾರಿ, ಪುರೋಹಿತ ಯಾರನ್ನೂ ಬಿಡದೇ ಚುಚ್ಚಿದವನು. ಅವನನ್ನ ಓದಿ ಒಬ್ಬನಾದ್ರೂ ಚರ್ಚಿಗೆ ಹೋದನಾ?

ಅಯ್ಯನವರು: ಹೋಗಿರಲಿಕ್ಕಿಲ್ಲ. ಆಮೇಲೆ ಸಿದ್ಧರಾಮನ ಸಾಹಿತ್ಯ, ಅನುಭವಮಂಟಪದ ಇತಿಹಾಸ ಅಂತ ಇನ್ನೂ ದೂರ ಹೋದ್ರು. ಭಾನುವಾರ ಪ್ರಸಂಗ ಮಾಡೋ ಮನುಷ್ಯ ಸೋಮವಾರ ಶರಣರಿಗಾಗಿ ಕಣ್ಣು ಸವೆಸೋದು.

ಮೇಷ್ಟ್ರು: ಪಕ್ಕದ ಮನೆಯವರ ಒಡವೆ ಕಳೆದು ಹೋಗಿತ್ತು. ಹುಡುಕಿ, ತೊಳೆದು, ಅವರ ಕೈಗೇ ಕೊಟ್ಟು ಬಂದ್ರು. ಅನ್ನದಾನ, ಔಷಧಿದಾನ ಎಲ್ಲಾ ಸರಿ ಅಯ್ಯನವರೇ. ಇಸ್ಕೊಂಡವನು ಒಂಚೂರು ಬಗ್ಗಬೇಕಾಗುತ್ತೆ ಅಲ್ಲಿ. ಉತ್ತಂಗಿಯವರು ಕೊಟ್ಟದ್ದನ್ನ ತಗೊಳ್ಳುವಾಗ ನಾವು ಬಗ್ಗಲಿಲ್ಲ. ನಮ್ಮದನ್ನೇ ನಾವು ತಗೊಂಡ್ವಿ. ಅರ್ಧ ಜನಕ್ಕೆ ಕೊಟ್ಟವರು ಪಾದ್ರಿ ಅನ್ನೋದೇ ಗೊತ್ತಿಲ್ಲ.

ಅಯ್ಯನವರು: ಹಾಗಿದ್ರೆ ಈಗ ಒಂದು ಹಳೇ ಪಂಕ್ತಿ ಊಟದ ಜಗಳ ಕೇಳಿ. ಅಪೊಸ್ತಲರ ಕೃತ್ಯಗಳು, ಆರನೇ ಅಧ್ಯಾಯ. ಯೆರೂಸಲೇಮಿನ ಮೊದಲ ಸಭೆ. ಎಲ್ಲರದನ್ನೂ ಒಟ್ಟುಗೂಡಿಸಿ ವಿಧವೆಯರಿಗೆ ದಿನಾ ಊಟ. ಗ್ರೀಕ್ ಮಾತಾಡೋ ಕಡೆಯವರು ದೂರು ತಂದ್ರು, ನಮ್ಮ ಹೆಂಗಸರಿಗೆ ಸರಿಯಾಗಿ ಬಡಿಸ್ತಿಲ್ಲ, ಹಿಬ್ರೂ ಕಡೆಯವರಿಗೇ ಎಲ್ಲಾ ಅಂತ.

ಮೇಷ್ಟ್ರು: ಇದು ಯಾವ ಊರಿನ ಜಾತ್ರೆಯಲ್ಲಾದ್ರೂ ಆಗೋದೇ.

ಅಯ್ಯನವರು: ನಾನಾಗಿದ್ರೆ ಏನು ಮಾಡ್ತಿದ್ದೆ? ಎರಡೂ ಕಡೆಯಿಂದ ಮೂರು ಮೂರು ಜನರ ಕಮಿಟಿ, ನಡುವೆ ನಾನು ಅಧ್ಯಕ್ಷ. ಅಪೊಸ್ತಲರು ಏಳು ಜನರನ್ನ ಆರಿಸಿ ಅಂದ್ರು. ಆರಿಸಿ ಬಂದವರು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಅಂದ್ರೆ ದೂರು ತಂದ ಕಡೆಯವರ ಕೈಗೇ ಸೌಟು ಕೊಟ್ರು. ನೀವೇ ಬಡಿಸಿ, ನಿಮ್ಮವರಿಗೂ ನಮ್ಮವರಿಗೂ ಅಂತ. ಅನ್ನ ಕೊಡೋ ಗುರುಗಳನ್ನ ಬೇಕಾದಷ್ಟು ನೋಡಿದೀವಿ. ಸೌಟು ಬಿಟ್ಟುಕೊಡೋರು ಎಷ್ಟು ಜನ?

ಮೇಷ್ಟ್ರು: ಆದ್ರೆ ಅದೇ ಅಧ್ಯಾಯದಾಗೆ, ನಾವು ದೇವರ ವಾಕ್ಯ ಸಾರೋದು ಬಿಟ್ಟು ಪಂಕ್ತಿ ಬಡಿಸ್ತಾ ಕೂತ್ರೆ ಸರಿಹೋಗಲ್ಲ ಅಂತಾನೂ ಅಂತಾರಂತಲ್ಲ. ನಿಮ್ಮ ಸಭೆಯ ಹುಡುಗನೊಬ್ಬ ಹೇಳಿದ್ದ. ಅದೂ ಒಂಥರಾ ಮಡಿಯೇ ಅಲ್ವಾ? ದೊಡ್ಡವರಿಗೆ ಪ್ರವಚನ, ಸಣ್ಣವರಿಗೆ ಸೌಟು.

ಅಯ್ಯನವರು: ಆ ವಾಸನೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಸೌಟು ಹಿಡಿದ ಸ್ತೆಫನನೇ ಮುಂದಿನ ಅಧ್ಯಾಯದಲ್ಲಿ ಅಪೊಸ್ತಲರಿಗಿಂತ ಉದ್ದದ ಪ್ರಸಂಗ ಮಾಡ್ತಾನೆ. ಕಲ್ಲೇಟು ತಿಂದು ಮೊದಲ ರಕ್ತಸಾಕ್ಷಿ ಆಗೋನೂ ಅವನೇ. ಕೆಲಸ ಹಂಚಿಕೆ ಬಹಳ ದಿನ ನಿಲ್ಲಲಿಲ್ಲ.

ಮೇಷ್ಟ್ರು: ನಮ್ಮ ಮಠಗಳಿಗೂ ಈ ಪ್ರಶ್ನೆ ಬಡಿಯುತ್ತೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಅನ್ನ ಹಾಕಿದ್ರು. ಕೊಡೋ ಗುರು ಬೇಡೋಕೂ ಹೋಗಬೇಕು, ಅದು ದೊಡ್ಡದು. ಅಂಥವರು ಹೋದ ಮೇಲೆ ಕೀಲಿಕೈ ಯಾರ ಸೊಂಟದಾಗೆ ಅನ್ನೋದೇ ಎಲ್ಲಾ ಕಡೆ ಉಳಿಯೋ ಜಗಳ. ಅಂದಹಾಗೆ ಇನ್ನೊಂದು. ನಿಮ್ಮ ಈ ಔದಾರ್ಯದ ಬಿಲ್ಲು ಯಾರು ಕಟ್ಟೋದು? ನೀವು ಜಗಳೂರಿಂದ ರಾತ್ರಿ ಹತ್ತಕ್ಕೆ ಇಬ್ಬರನ್ನ ಊಟಕ್ಕೆ ಕರ್ಕೊಂಡು ಬರ್ತೀರಿ. ಒಲೆ ಹಚ್ಚೋರು ಅಮ್ಮನವರು.

ಅಯ್ಯನವರು: ಅದು ನಮ್ಮ ಮನೆಯಲ್ಲಿ ನಡೀತಿರೋ ದೊಡ್ಡ ವ್ಯಾಜ್ಯ, ಮೇಷ್ಟ್ರೇ. ಅವಳು ಅನ್ನೋದು, ಅತಿಥಿ ಸತ್ಕಾರ ಮಾಡಿ ಅಂತ ಪೇತ್ರ ಬರೆದದ್ದು ನಿಮಗೆ, ಚಪಾತಿ ಲಟ್ಟಿಸಿ ಅಂತ ನನಗಲ್ಲ ಅಂತ. ಮಿಷನ್ನಿನ ಇತಿಹಾಸ ತೆಗೆದ್ರೂ ಹೀಗೇ. ಮುಲ್ಲರ್, ದ್ಯುಬುವಾ, ಉತ್ತಂಗಿ, ಎಲ್ಲಾ ಗಂಡಸರ ಹೆಸರು. ಮನೆ ಮನೆಗೆ ನಡ್ಕೊಂಡು ಹೋಗಿ ಬಾಣಂತಿ ನೋಡ್ಕೊಂಡ, ಹೆಣ್ಣು ಮಕ್ಕಳಿಗೆ ಅಕ್ಷರ ಕಲಿಸಿದ ಬೈಬಲ್ ಹೆಂಗಸರು ಅಂತ ಇದ್ರು. ಹಳೇ ವರದಿಗಳಲ್ಲಿ ಅವರು ಬರೀ ಸಂಖ್ಯೆ.

ಮೇಷ್ಟ್ರು: ಹಾಗಾದ್ರೆ ನಿಮ್ಮ ಸಭೆಯ ಸೌಟು ಯಾರ ಕೈಯಲ್ಲಿದೆ? ಬಡವರ ನಿಧಿ ಅಂತ ಒಂದಿದೆಯಲ್ಲ, ಕಾಯಿಲೆಗೆ, ಶಾಲೆ ಫೀಸಿಗೆ ಕೊಡ್ತೀರಲ್ಲ, ಅದರ ಲೆಕ್ಕ?

ಅಯ್ಯನವರು: ಇಲ್ಲಿವರೆಗೆ ಪಾಲಕನದ್ದೇ ಸಹಿ. ಈ ವರ್ಷದಿಂದ ಜಗಳೂರಿನ ಸ್ತ್ರೀಯರ ಸಂಘದ ಇಬ್ಬರಿಗೆ ಕೊಡೋದು ಅಂತ ಸಭಾಮಂಡಳಿಯಲ್ಲಿ ಇಟ್ಟಿದೀನಿ. ಚನ್ನಗಿರಿ ಕಡೆಯ ಹಿರಿಯರಿಗೆ ಅಷ್ಟು ಸಮಾಧಾನ ಇಲ್ಲ. ದುಡ್ಡು ಹೆಚ್ಚು ಬರೋದು ನಮ್ಮಿಂದ, ಹಂಚೋದು ಅವರಾ ಅಂತಾರೆ.

ಮೇಷ್ಟ್ರು: ಹೆಂಗಸರು ಅಂತಾನಾ, ಜಗಳೂರಿನವರು ಅಂತಾನಾ?

ಅಯ್ಯನವರು: ಎರಡೂ ಇರಬೇಕು. ಅದಕ್ಕೇ ಇವತ್ತು ಬಂದದ್ದು. ಇವರು ಸರಿಯಾಗಿ ಬರೆದಿಡ್ತಾರಾ ಅನ್ನೋ ಮಾತು ಬಂದಾಗ, ವರ್ಷಕ್ಕೊಮ್ಮೆ ಹೊರಗಿನವರೊಬ್ಬರು ಪುಸ್ತಕ ನೋಡಲಿ ಅಂದೆ. ಯಾರು ಅಂದ್ರು. ನಮ್ಮ ಮೇಲೆ ಅನುಮಾನ ಇರೋ ಮನುಷ್ಯರೇ ಬೇಕು ಅಂದೆ.

ಮೇಷ್ಟ್ರು: ಯಾರನ್ನ ಹೇಳಿದ್ರಿ?

ಅಯ್ಯನವರು: ಹಟ್ಟಿಯಲ್ಲಿ ಹುಟ್ಟಿದವರು ಒಬ್ಬರಿದಾರೆ, ಮಂದೆ ಎಣಿಸೋದು ಗೊತ್ತು ಅಂದೆ.

ಮೇಷ್ಟ್ರು: ಇದು ಸರಿ ಹೋಗಲ್ಲ ನೋಡ್ರಿ. ನಮ್ಮ ಬೀದಿಯವರು ಏನಂತಾರೆ?

ಅಯ್ಯನವರು: ಚರ್ಚಿನ ಲೆಕ್ಕ ಹಿಡಿದ್ರು ಅಂತಾರೆ.

ಮೇಷ್ಟ್ರು: ಹೂಂ. ಮೊದಲೇ ಹೇಳ್ಬಿಡ್ತೀನಿ, ವೋಚರ್ ಇಲ್ಲದ ಖರ್ಚಿಗೆ ನಾನು ಸಹಿ ಹಾಕಲ್ಲ. ಆಸ್ಪತ್ರೆಗೆ ಹೋದ ಆಟೋ ಬಾಡಿಗೆ ಆದ್ರೂ ಚೀಟಿ ಬೇಕು. ಇಸ್ಕೊಂಡವರ ಹೆಸರು ಮಾತ್ರ ಪುಸ್ತಕದ ಮೇಲೆ ಎಲ್ಲರಿಗೂ ಕಾಣೋ ಹಾಗೆ ಬರೆಯೋದು ಬ್ಯಾಡ, ಅದಕ್ಕೆ ಬೇರೆ ಕಟ್ಟು ಮಾಡೋಣ. ಹಳೇ ಪುಸ್ತಕ ಎಷ್ಟು ವರ್ಷದ್ದಿವೆ?